ಶ್ರುತಿಪೆಟ್ಟಿಗೆಗೊಂದು ರಬ್ಬರ್ ಅಂಗಿ

ಮಿಷಿನ್ನುಗಳಿಗೆ ಅಂಗಿ ಮಾಡೋ ಕಸುಬು ನಮ್ಮದು. ಹಾಲು ಪರೀಕ್ಷೆ ಮಾಡೋ ಮಿಷಿನ್ನು, ತೂಕದ ಮಿಷಿನ್ನು, ಬಿ.ಪಿ. ನೋಡೋ ಮಿಷಿನ್ನು ಇರುತ್ತವಲ್ಲ, ಅವು ಕೈಜಾರಿ ಬಿದ್ದರೆ ಮೈ ಒಡೆಯಬಾರದು, ಧೂಳು ನೀರು ಒಳಗೆ ಹೋಗಬಾರದು ಅಂತ ಮೇಲೆ ಬಿಗಿಯಾಗಿ ಎಳೆದು ತೊಡಿಸೋ ರಬ್ಬರ್ ಕವರು. ಹಾಸನದಲ್ಲಿ ಬೂವನಹಳ್ಳಿ ಕಡೆಗೆ ಹೋಗೋ ರಸ್ತೆಯಲ್ಲಿ ನಮ್ಮದೊಂದು ಶೆಡ್ಡು. ಅಚ್ಚು ತೆಗೆದು ರಬ್ಬರ್ ಹುಯ್ಯೋದು ನಮ್ಮ ಯಜಮಾನರು. ಊರೂರು ತಿರುಗಿ ಅಳತೆ ತರೋದು, ಬೈಸಿಕೊಳ್ಳೋದು, ತಿರುಗಿಸಿ ಬೈಯೋದು ನಾನು.

ಮನುಷ್ಯರಿಗೆ ಅಂಗಿ ಹೊಲಿಯೋ ಟೈಲರಿಗೂ ಇಷ್ಟು ತಾಪತ್ರಯ ಇಲ್ಲ ಅಂತ ನನ್ನ ನಂಬಿಕೆ. ಹಾಸನದಿಂದ ಬಸ್ಸು ಹತ್ತಿದವಳು ಏನೂ ಆಗದೆ ಸುಮ್ಮನೆ ವಾಪಸ್ಸು ಬಂದ ದಿನವೇ ನೆನಪಿಲ್ಲ. ಅದರಲ್ಲೂ ಹೋದ ವರ್ಷ ರುದ್ರಪಟ್ಟಣದ ಪೆಟ್ಟಿಗೆಯೊಂದು ಕೈಗೆ ಬಂತು ನೋಡಿ, ಅದು ನನ್ನನ್ನು ಕುಣಿಸಿದ್ದು ಅಷ್ಟಿಷ್ಟಲ್ಲ.

೧. ಮಡಿಲು ತುಂಬಿದ್ದು ಯಾರಿಗೆ

ರುದ್ರಪಟ್ಟಣದಲ್ಲಿ ಹಾಡೋ ಅಮ್ಮ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಅವರೂ ಅವರ ಅಕ್ಕನೂ ಜೋಡಿಯಾಗಿ ಹಾಡುತ್ತಿದ್ದವರು. ಅಕ್ಕ ತೀರಿಕೊಂಡ ಮೇಲೆ ಈ ಅಮ್ಮ ಬಾಯಿ ಮುಚ್ಚಿಬಿಟ್ಟಿದ್ದರು. ಊರಿನ ಸಂಗೀತೋತ್ಸವದಲ್ಲಿ ವರ್ಷಾ ವರ್ಷಾ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಕಳಿಸಿಕೊಡೋರು. ಹೋದ ವರ್ಷ ಅದೇನನ್ನಿಸಿತೋ, "ಈ ಸಲ ಶಾಲು ಬೇಡ, ಒಂದು ಕೃತಿ ಹಾಡ್ತೀನಿ. ಆದರೆ ನಮ್ಮ ಪೆಟ್ಟಿಗೆ ಇದ್ದರೆ ಮಾತ್ರ" ಅಂದುಬಿಟ್ಟರಂತೆ.

ಪೆಟ್ಟಿಗೆ ಅಂದರೆ ಅಕ್ಕತಂಗಿ ಪಕ್ಕದಲ್ಲಿಟ್ಟುಕೊಂಡು ಹಾಡುತ್ತಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ತಂಬೂರಿ ಬದಲಿಗೆ ಝುಂ ಅಂತ ನುಡಿಯುತ್ತಲ್ಲ, ಅದು. ಬೆಕ್ಕು ಅದನ್ನು ದೇವರ ಗೂಡಿನಿಂದ ಕೆಡವಿ ಮೂಲೆ ಒಡೆದಿತ್ತು. ಒಳಗಿನ ಜೀವ ಗಟ್ಟಿ, ಹೊರಗಿನ ಮೈ ಮಾತ್ರ ಬಿರುಕು. ಸುತ್ತ ಲಂಗದ ಲಾಡಿ ಬಿಗಿದು, ಅದರ ಮೇಲೆ ಗಾಯಕ್ಕೆ ಹಾಕೋ ಪ್ಲಾಸ್ಟರ್ ಅಂಟಿಸಿದ್ದರು. ಇನ್ನೊಂದು ಏಟು ಬಿದ್ದರೆ ಒಳಗಿನ ತಂತಿ ಕಿತ್ತುಬರೋದು ಖಂಡಿತ. ಪೆಟ್ಟಿಗೆ ಹೋದರೆ ಅಮ್ಮನ ಹಾಡೂ ಹೋಯಿತು. ಅವರ ಅಣ್ಣನ ಮಗ, ಹೈಸ್ಕೂಲ್ ಮೇಷ್ಟ್ರು, ನಮ್ಮ ಕವರನ್ನು ಎಲ್ಲೋ ನೋಡಿದ್ದವರು ನನಗೆ ಹೇಳಿ ಕಳಿಸಿದರು.

ನಾನು ಹೋದಾಗ ಮೇಷ್ಟ್ರು ಕೊನೇ ಪ್ರಯತ್ನ ಮಾಡುತ್ತಿದ್ದರು. "ಅತ್ತೆ, ಮೊಬೈಲಲ್ಲೇ ಶ್ರುತಿ ಬರುತ್ತೆ. ಎಲ್ಲರೂ ಈಗ ಅದನ್ನೇ ಇಟ್ಕೋತಾರೆ."

"ಇಟ್ಕೊಳ್ಳಲಿ. ಪಲ್ಲವಿ ಮಧ್ಯದಲ್ಲಿ ಯಾವಳೋ ಫೋನ್ ಮಾಡಿ ಲೋನ್ ಬೇಕಾ ಮೇಡಂ ಅಂದ್ರೆ ನಾನು ಯಾವ ರಾಗದಲ್ಲಿ ಬೇಡಮ್ಮಾ ಅನ್ನಲಿ?"

ಮೇಷ್ಟ್ರು ಮೊಬೈಲು ಜೇಬಿಗೆ ಇಳಿಸಿದರು. ಅಮ್ಮ ನನ್ನ ಕಡೆ ತಿರುಗಿ, "ನೋಡಮ್ಮ, ಏನು ಬೇಕಾದರೂ ತೊಡಿಸು. ಶ್ರುತಿ ಏರಿಸಿ ಇಳಿಸೋ ತಿರುಪು ಮಾತ್ರ ತಿರುಗಿಸಬೇಡ. ನಮ್ಮಕ್ಕ ಇಟ್ಟಹಾಗೇ ಇದೆ ಅದು" ಅಂದರು. ನಾನು ಆಯಿತು ಅಂದೆ.

ಹೊರಡೋ ಹೊತ್ತಿಗೆ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆಅಡಿಕೆ, ರವಿಕೆ ಕಣ, ತೆಂಗಿನಕಾಯಿ ಹಿಡಿದು ಬಂದರು. ಎಷ್ಟಾದರೂ ದೊಡ್ಡ ಮನೆತನ, ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸೋರಲ್ಲ ಅಂದುಕೊಂಡು ನಾನು ಸೆರಗು ಒಡ್ಡಿ ನಿಂತೆ. ಅಮ್ಮ ನನ್ನನ್ನು ದಾಟಿ ಹೋಗಿ ಪೆಟ್ಟಿಗೆಗೆ ಕುಂಕುಮ ಇಟ್ಟರು. ರವಿಕೆ ಕಣದಲ್ಲಿ ಸುತ್ತಿದರು. ಎಲೆಅಡಿಕೆ ಸಿಕ್ಕಿಸಿ, "ಹೋಗಿ ಬಾಮ್ಮ, ಬೇಗ ಬಂದ್ಬಿಡು" ಅಂದು ಕಣ್ಣೊರೆಸಿಕೊಂಡರು. ಒಡ್ಡಿದ ಸೆರಗು ಸುಮ್ಮನೆ ಇಳಿಸೋದು ಹೇಗೆ? ಅದರಲ್ಲೇ ಬೆವರು ಒರೆಸಿಕೊಂಡು ಹೊರಟೆ.

೨. ಬೀರುವಿನೊಳಗಿನ ಕವರು

ದಾರಿಯಲ್ಲಿ ಅರಕಲಗೂಡು ಪಕ್ಕದ ಒಂದು ಹಳ್ಳಿಯ ಹಾಲಿನ ಡೈರಿಗೆ ಹೋದೆ. ಅಲ್ಲಿನ ಹಾಲು ಪರೀಕ್ಷೆ ಮಿಷಿನ್ನಿಗೆ ನಾವು ಕವರು ಕೊಟ್ಟಿದ್ದೆವು. ಹೋಗಿ ನೋಡಿದರೆ ಮಿಷಿನ್ನು ಬೆತ್ತಲೆ ನಿಂತಿದೆ. ಮೈಮೇಲೆಲ್ಲ ಹಾಲು ಚೆಲ್ಲಿ ಒಣಗಿ ಕೆನೆ ಕಟ್ಟಿದೆ.

"ಕವರೆಲ್ಲಿ?" ಅಂದೆ. ಸೆಕ್ರೆಟರಿ ಬೀರು ಬೀಗ ತೆಗೆದು, ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿ, ಅದರೊಳಗಿನ ಟವೆಲ್ಲು ಬಿಚ್ಚಿ, ನಮ್ಮ ಕವರು ತೋರಿಸಿದ. ನಾವು ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

"ಹೊಸಾದು ಕಣಕ್ಕ. ಆಲು ಚೆಲ್ಲುದ್ರೆ ಆಳಾಗೋಯ್ತದೆ."

"ಹಾಲು ಚೆಲ್ಲಲಿ ಅಂತಲೇ ಅಲ್ಲವೇನಪ್ಪ ಅದನ್ನು ಮಾಡಿರೋದು!"

"ಮಿಷಿನ್ನು ಕೆಟ್ರೆ ಮ್ಯಾಲ್ನೋರು ಇನ್ನೊಂದು ಕೊಡ್ತಾರೆ. ಕವರು ಕೆಟ್ರೆ ನಾನು ನಿಮ್ಮುನ್ನ ಎಲ್ಲೀಂತ ಉಡುಕ್ಲಿ?"

ನನಗೆ ರೇಗಿತು. ಮಾತಿಗೆ ನಿಲ್ಲಿಸಿಕೊಂಡೆ. ಆಮೇಲೆ ನಿಜವಾದ ಸಂಗತಿ ಹೊರಗೆ ಬಂತು. ಕವರು ತೊಡಿಸಿದ ಮೊದಲನೇ ದಿನ ಒಬ್ಬಾಕೆಯ ಹಾಲಿಗೆ ಫ್ಯಾಟು ಜಾಸ್ತಿ ಬಂದು ದುಡ್ಡೂ ಜಾಸ್ತಿ ಸಿಕ್ಕಿತ್ತಂತೆ. ಅವಳು ಊರೆಲ್ಲ ಹೇಳಿಕೊಂಡು ಬಂದಳು. ಮಾರನೇ ದಿನ ಇನ್ನೊಬ್ಬಾಕೆಗೆ ಕಮ್ಮಿ ಬಂತು. ಅವಳು ಅಂಗಿಯದ್ದೇ ದೋಷ ಅಂದಳು. ಅಲ್ಲಿಂದ ಸಾಲಿನಲ್ಲಿ ನಿಂತವರಲ್ಲಿ ಎರಡು ಪಕ್ಷ. ಒಬ್ಬಳ ಸರದಿ ಬಂದರೆ "ಆಕ್ಲಾ ಅಂಗಿಯ", ಮುಂದಿನವಳು ಬಂದರೆ "ತಗೀಲಾ ಅಂಗಿಯ". ಹಾಕಿ ತೆಗೆದು, ಹಾಕಿ ತೆಗೆದು, ಸೆಕ್ರೆಟರಿಯ ಉಗುರು ಕಿತ್ತುಬಂದಿತ್ತು.

ನಾನು ನಿಂತಿದ್ದಾಗಲೇ ಫ್ಯಾಟು ಜಾಸ್ತಿ ಬಂದಿದ್ದ ಆಕೆ ಕ್ಯಾನು ಹಿಡಿದು ಬಂದಳು. ಕವರಿಗೂ ಹಾಲಿಗೂ ಸಂಬಂಧ ಇಲ್ಲ ಅಂತ ತಾಳ್ಮೆಯಿಂದ ವಿವರಿಸಿದೆ. ಎಲ್ಲ ಕೇಳಿ ತಲೆಯಾಡಿಸಿ, ನನ್ನ ಕಿವಿಯ ಹತ್ತಿರ ಬಂದು, "ಅದಿರ್ಲಿ ಕಣಕ್ಕ, ನಮ್ಮೆಮ್ಮೆ ಅಳತೆಗೇ ಒಂದು ಮಾಡ್ಕೊಡು" ಅಂದಳು.

೩. ಹಾಡೋರಿಗೂ ಆಧಾರ್

ಅಲ್ಲಿಂದ ಹೊಳೆನರಸೀಪುರದ ಬಸ್ಸು. ಕ್ಲಿನಿಕ್ಕಿನವರದ್ದು ಒಂದು ಬಿ.ಪಿ. ಮಿಷಿನ್ನಿನ ಅಳತೆ ತರೋದಿತ್ತು. ಪೆಟ್ಟಿಗೆಯನ್ನು ಚೀಲದೊಳಗಿಟ್ಟು ಮಡಿಲಲ್ಲಿಟ್ಟುಕೊಂಡೆ. ಬಸ್ಸು ಒಂದು ಹಂಪಿನ ಮೇಲೆ ನೆಗೆದದ್ದೇ ತಡ, ಚೀಲದೊಳಗಿಂದ ಝುಂ ಅಂತ ಶುರುವಾಯಿತು.

ಪಕ್ಕದಲ್ಲಿದ್ದ ಹೆಂಗಸು, "ಅಯ್ಯೋ ಜೇನು ಕಣ್ರಪ್ಪೋ!" ಅಂತ ಎದ್ದು ನಿಂತಳು. ನಾನು ಚೀಲ ಬಿಚ್ಚಿ ತೋರಿಸಿ ಸಮಾಧಾನ ಮಾಡಿದೆ. ಪೆಟ್ಟಿಗೆ ಆರಿಸೋಣ ಅಂದರೆ ಮೇಲೆ ನಾಲ್ಕು ತಿರುಪು. ಯಾವುದು ಆರಿಸೋದು, ಯಾವುದು ಅಕ್ಕ ಇಟ್ಟದ್ದು ಅಂತ ನನಗೇನು ಗೊತ್ತು? ಮುಟ್ಟಲ್ಲ ಅಂತ ಮಾತು ಬೇರೆ ಕೊಟ್ಟಿದ್ದೆ. ಹಾಗೇ ತಬ್ಬಿಕೊಂಡು ಕೂತೆ.

ಕಂಡಕ್ಟರ್ ಬಂದ. ನಾನು ಆಧಾರ್ ಕಾರ್ಡ್ ತೋರಿಸಿದೆ. ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ, ಚೀಟಿ ಹರಿದುಕೊಟ್ಟ. ಆಮೇಲೆ ಪೆಟ್ಟಿಗೆಯನ್ನೇ ದಿಟ್ಟಿಸಿ, "ಅದ್ಯಾರಕ್ಕ ಆಡ್ತಿರಾದು?" ಅಂದ.

"ರುದ್ರಪಟ್ಟಣದೋರದ್ದು."

"ಎಣ್ಣಾದ್ರೆ ಫ್ರೀ. ಅದರದ್ದೂ ಆಧಾರ್ ತೋರ್ಸು."

ಬಸ್ಸೆಲ್ಲ ನಕ್ಕಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅಜ್ಜಪ್ಪ ಒಬ್ಬರು, ಹೆಗಲ ಮೇಲೆ ಟವೆಲ್ಲು, ಶ್ರುತಿ ಸಿಕ್ಕಿದೆ ಬಿಡಬಾರದು ಅಂತ ಒಂದು ದೇವರನಾಮ ಎತ್ತಿಕೊಂಡುಬಿಟ್ಟರು. ಎತ್ತಿಕೊಂಡದ್ದು ಪೆಟ್ಟಿಗೆಯ ಶ್ರುತಿಗೆ. ಅಜ್ಜಪ್ಪನ ಗಂಟಲು ಅಷ್ಟು ಮೇಲೆ ಏರೋದಿಲ್ಲ. ಆದರೂ ಬಿಡಲಿಲ್ಲ, ಕತ್ತಿನ ನರ ಹಗ್ಗದ ಹಾಗೆ ಉಬ್ಬಿಸಿಕೊಂಡು ಹಾಡಿದರು. ನಾಲ್ಕು ಜನ ಚಪ್ಪಾಳೆ ತಾಳ ಹಾಕಿದರು. ಎದ್ದು ಬಾಗಿಲಿಗೆ ಬಂದಿದ್ದ ಇಬ್ಬರು ಹೆಂಗಸರು ಇದೊಂದು ಚರಣ ಮುಗೀಲಿ ಅಂತ ನಿಂತವರು ಅವರ ಸ್ಟಾಪು ದಾಟಿಸಿಕೊಂಡರು.

ಹೊಳೆನರಸೀಪುರದಲ್ಲಿ ಇಳಿಯೋವಾಗ ಅಜ್ಜಪ್ಪ ಪೆಟ್ಟಿಗೆಗೆ ಕೈಮುಗಿದು, "ತಾಯೀ, ನೀನು ಸಿಕ್ಕಾಪಟ್ಟೆ ಎತ್ತರುಕ್ಕೆ ನಿಂತ್ಕಂಡಿದ್ದೀಯ. ಮುದುಕ ಏದಿ ಏದಿ ಸಾಯ್ತಿದ್ದೆ" ಅಂದರು.

೪. ಯಾರ ಮನೇಲಿ ಮಗು

ನಮ್ಮ ಯಜಮಾನರು ಮಾತು ಕಮ್ಮಿ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಏಳು "ಹೂಂ". ಬೇರೆ ಮಿಷಿನ್ನು ತಂದುಕೊಟ್ಟರೆ ಒಂದು ಕೈಲಿ ಟೀ ಲೋಟ ಹಿಡಿದೇ ಅಚ್ಚಿಗೆ ಇಳಿಸೋ ಮನುಷ್ಯ. ಈ ಪೆಟ್ಟಿಗೆಯ ಕತೆ ಕೇಳಿದವರು ಮಾರನೇ ದಿನ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಶೆಡ್ಡಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟರು. ರಾಹುಕಾಲ ಕಳೆಯಲಿ ಅಂತ ಗೋಡೆ ಗಡಿಯಾರ ನೋಡುತ್ತ ಕೂತರು.

"ಇಷ್ಟು ವರ್ಷದಲ್ಲಿ ಒಂದು ದಿನ ನನಗೋಸ್ಕರ ರಾಹುಕಾಲ ನೋಡಿದ್ದೀರಾ?" ಅಂದೆ.

"ಹೂಂ" ಅಂದರು. ಅದರ ಅರ್ಥ ಇಲ್ಲ ಅಂತ.

ತಿರುಪುಗಳು ಉದ್ದನೆ ಮೂಗಿನವು. ಅವನ್ನು ಕಿತ್ತು ಅಚ್ಚು ತೆಗೆದರೆ ಕವರಿನಲ್ಲಿ ಗುಂಡನೆ ತೂತು ಬರುತ್ತದೆ, ಸಲೀಸಾಗಿ ತಿರುಗುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಅವರು ಕೀಳಲಿಲ್ಲ. "ಹಾಡೋರು ಇಟ್ಟ ಶ್ರುತಿ. ನಾನ್ಯಾವನು ಕೈ ಹಾಕೋಕೆ" ಅಂದರು. ಅವರ ಬಾಯಲ್ಲಿ ಅಷ್ಟು ದೊಡ್ಡ ಮಾತು ಕೇಳಿ ನನಗೂ ಎದುರು ಹೇಳೋ ಮನಸ್ಸಾಗಲಿಲ್ಲ. ತಿರುಪು ಎಲ್ಲಿತ್ತೋ ಅಲ್ಲೇ ಇಟ್ಟು, ಅದರ ಮೂಗಿನ ಸುತ್ತಲೂ ರಬ್ಬರ್ ಹುಯ್ದರು.

ಕವರು ಚೆಂದ ಬಂತು. ಎಷ್ಟು ಬಿಗಿ ಅಂದರೆ ಒಡೆದ ಮೂಲೆ ಒಂದಕ್ಕೊಂದು ಕೂಡಿಕೊಂಡು ಬಿರುಕೇ ಕಾಣದು. ಬಿಗಿ ಕವರು ಹತ್ತಬೇಕಾದರೆ ಒಳಗೆ ಪೌಡರ್ ಉದುರಿಸಬೇಕು. ನಾವು ಬಳಸೋದು ಎಳೆಮಕ್ಕಳ ಪೌಡರು. ಯಜಮಾನರು ಭಕ್ತಿಯಲ್ಲಿ ಅರ್ಧ ಡಬ್ಬಿ ಸುರಿದುಬಿಟ್ಟರು. ಪೆಟ್ಟಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಸ್ವಲ್ಪ ತಡ್ಕೊ ತಾಯಿ, ಆಯ್ತು, ಆಯ್ತು" ಅಂತ ಎಳೆದೆಳೆದು ತೊಡಿಸುತ್ತಿದ್ದರು.

ಪಕ್ಕದ ಮನೆಯಾಕೆ ಪೌಡರ್ ವಾಸನೆಗೆ ಮೂಗು ಅರಳಿಸಿಕೊಂಡು ಬಾಗಿಲಿಗೆ ಬಂದಳು. ಬೆನ್ನು ತಿರುಗಿಸಿ ಕೂತ ಇವರನ್ನು ನೋಡಿದಳು, ನನ್ನ ಹೊಟ್ಟೆ ನೋಡಿದಳು, ನನ್ನ ನರೆತ ಕೂದಲು ನೋಡಿದಳು. "ಏನ್ರೀ, ಯಾರಿಗೂ ಯೋಳ್ದಂಗೆ?" ಅಂದಳು.

೫. ಅಂಗಿ ಬಿಚ್ಚಿ ತೂಗಿ

ಉತ್ಸವಕ್ಕೆ ಇನ್ನೇನು ಕೆಲವೇ ದಿನ ಇತ್ತು. ಕವರು ಹಾಕಿ ಹಾಗೇ ಒಂದಿಷ್ಟು ದಿನ ಬಿಟ್ಟು, ರಬ್ಬರ್ ಎಲ್ಲಾದರೂ ಸೀಳುತ್ತೇನೋ ಅಂತ ನೋಡಬೇಕು. ನಾನು ಪೆಟ್ಟಿಗೆಯನ್ನು ಬಿಟ್ಟಿರಲಾರದೆ ಚನ್ನರಾಯಪಟ್ಟಣಕ್ಕೂ ಎತ್ತಿಕೊಂಡೇ ಹೋದೆ. ಅಲ್ಲೊಬ್ಬ ಕೊಬ್ಬರಿ ವ್ಯಾಪಾರಿಯ ತೂಕದ ಮಿಷಿನ್ನಿಗೆ ಕವರು ತೊಡಿಸೋದಿತ್ತು. ಅಂಕಿ ತೋರಿಸೋ ಡಬ್ಬಿಗೆ ಕವರು, ಚೀಲ ಇಡೋ ಹಲಗೆಗಲ್ಲ. ಡಬ್ಬಿ ಗೋಡೆಗೆ ನೇತುಹಾಕಿತ್ತು, ಹಲಗೆ ನೆಲದ ಮೇಲೆ.

ತೊಡಿಸಿ ಕೈ ಒರೆಸಿಕೊಳ್ಳೋ ಹೊತ್ತಿಗೆ ಒಬ್ಬ ರೈತ ಚೀಲ ಇಳಿಸಿದ. ಡಬ್ಬಿ ನೋಡಿದ. "ಇದೇನ್ ಸಾವ್ಕಾರ್ರೇ, ಅಂಗಿ ಆಕಿದ್ದೀರಾ? ಬಿಚ್ಚಿ ತೂಗಿ."

"ಲೇ, ಅದು ಗೋಡೆ ಮೇಲೈತೆ, ನಿನ್ನ ಚೀಲ ನೆಲದ ಮೇಲೈತೆ. ಅದಕ್ಕೂ ಇದಕ್ಕೂ ಏನ್ಲಾ?"

"ಏನೂ ಇಲ್ದಿದ್ರೆ ಬಿಚ್ಚಕ್ಕೆ ನಿಮಗೇನು ಕಷ್ಟ?"

ಸಾಹುಕಾರರು ಬಿಚ್ಚು ಅಂತ ನನಗೆ ಕೈಸನ್ನೆ ಮಾಡಿದರು. ನಾನು ಕವರು ಬಿಚ್ಚಿದೆ. ತೂಗಿದರು. ಮತ್ತೆ ಹಾಕಿ ತೂಗಿದರು. ಅಷ್ಟೇ ಬಂತು. ರೈತ ಗಡ್ಡ ಕೆರೆದುಕೊಂಡು, "ಎರಡು ಸಲಾನೂ ಒಂದೇ ಬತ್ತೈತೆ ಅಂದ್ರೆ ಏನೋ ಐತೆ" ಅಂದ.

ಸಾಹುಕಾರರಿಗೆ ಪಿತ್ತ ನೆತ್ತಿಗೇರಿತು. "ನನ್ನ ಅಂಗಿನೂ ಬಿಚ್ಚಿಬಿಡ್ಲೇನ್ಲಾ?" ಅಂತ ಗುಂಡಿಗೆ ಕೈ ಹಾಕಿದರು. ರೈತ ಒಂದು ಗಳಿಗೆ ಯೋಚಿಸಿದ. "ಬಿಚ್ಚಿ. ನೀವು ಹಲಗೆ ಪಕ್ಕದಲ್ಲೇ ನಿಂತಿದ್ದೀರಿ."

ಆ ಗಲಾಟೆ ನಡುವೆ ರುದ್ರಪಟ್ಟಣದ ಅಮ್ಮನ ಫೋನು. ದಿನಾ ಮಾಡೋರು. "ಹೇಗಿದ್ದಾಳಮ್ಮ? ಮೈ ಗಟ್ಟಿಯಾಯ್ತಾ? ಒಂಚೂರು ದನಿ ಕೇಳಿಸು." ಬಸ್ಸಿಳಿದ ದಿನವೇ ಅದನ್ನು ಆರಿಸೋಕೆ ಯಾವ ತಿರುಪು ಏನು ಅಂತ ಮೇಷ್ಟ್ರು ನನಗೆ ಫೋನಲ್ಲಿ ಹೇಳಿಕೊಟ್ಟಿದ್ದರು. ಪೆಟ್ಟಿಗೆ ಹಚ್ಚಿ ಫೋನಿನ ಹತ್ತಿರ ಹಿಡಿದೆ. ಆ ಕಡೆ ಅಮ್ಮ ಕಿವಿಗೊಟ್ಟರು. ಈ ಕಡೆ ಅರ್ಧ ಗುಂಡಿ ಬಿಚ್ಚಿದ ಸಾಹುಕಾರರೂ, ಚೀಲ ಹಿಡಿದ ರೈತನೂ ಜಗಳ ನಿಲ್ಲಿಸಿ ಕೇಳಿದರು. ಫೋನ್ ಇಟ್ಟ ಮೇಲೆ ರೈತ ಮೆತ್ತಗೆ, "ಇದರದ್ದು ಮಾತ್ರ ಬಿಚ್ಚಬ್ಯಾಡಿ ಕಣಕ್ಕ, ಚೆನ್ನಾಗೈತೆ" ಅಂದ.

೬. ಐದು, ಐದೂವರೆ

ಉತ್ಸವದ ದಿನ ಬೆಳಿಗ್ಗೆ ನಾವಿಬ್ಬರೂ ಪೆಟ್ಟಿಗೆ ಹಿಡಿದು ರುದ್ರಪಟ್ಟಣಕ್ಕೆ ಹೋದೆವು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕವರಿನ ಮೇಲೆ ಕೈಯಾಡಿಸಿ, "ಜರಿ ಅಂಚು ಒಂದು ಕಮ್ಮಿ ನೋಡು" ಅಂದರು. ಆದರೂ ಅವರಿಗೆ ಇಷ್ಟು ವರ್ಷ ಆದಮೇಲೆ ದನಿ ಹೊರಡುತ್ತೋ ಇಲ್ಲವೋ ಅಂತ ಭಯ. ನಾಲ್ಕು ಜನರ ಮುಂದೆ ಗಂಟಲು ಕೈಕೊಟ್ಟರೆ ಮತ್ತೆ ಈ ಜನ್ಮದಲ್ಲಿ ಬಾಯಿ ತೆರೆಯಲ್ಲ ಅಂತ ಮೇಷ್ಟ್ರಿಗೆ ಹೇಳಿದ್ದರಂತೆ.

ಹಾಡೋರು ಶ್ರುತಿಯನ್ನು ಮನೆ ಲೆಕ್ಕದಲ್ಲಿ ಹೇಳುತ್ತಾರೆ. ಮನೆ ಏರಿದಷ್ಟೂ ಗಂಟಲೂ ಏರಬೇಕು. ಪೆಟ್ಟಿಗೆ ಇದ್ದದ್ದು ಐದೂವರೆಯಲ್ಲಿ. "ಈ ವಯಸ್ಸಿಗೆ ಅಷ್ಟು ಆಗಲ್ಲಪ್ಪ. ಐದಕ್ಕೆ ಇಳಿಸ್ತೀನಿ" ಅಂದು ಅಮ್ಮ ತಾವೇ ತಿರುಪು ಇಳಿಸಿ ಅದನ್ನು ಹಿಡಿದೇ ಕೂತರು. ಪಿಟೀಲಿನವರೂ ಮೃದಂಗದವರೂ ಪಕ್ಕದ ಕೋಣೆಯಲ್ಲಿ ಆ ಐದಕ್ಕೆ ಸರಿಮಾಡಿಕೊಂಡರು. ಪೆಟ್ಟಿಗೆ ಆರಿಸಿ ವೇದಿಕೆಗೆ ತಂದರು.

ಅಮ್ಮ ಕೂತರು, ಕಣ್ಣು ಮುಚ್ಚಿದರು, ಪೆಟ್ಟಿಗೆ ಹಚ್ಚಿದರು. ಝುಂ ಅಂತು. ಪಿಟೀಲಿನವರು ಬೆಚ್ಚಿ ಬಿದ್ದರು. ಮೃದಂಗದವರು ಬಾರಿಸಹೋದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಐದೂವರೆ!

ಏನಾಗಿದೆ ಅಂತ ನನಗೂ ಯಜಮಾನರಿಗೂ ಒಟ್ಟಿಗೇ ಹೊಳೆಯಿತು. ತಿರುಪು ಐದೂವರೆಯಲ್ಲಿದ್ದಾಗ ಅದರ ಮೂಗಿನ ಸುತ್ತ ಹುಯ್ದ ರಬ್ಬರ್ ಅಲ್ಲವೇ? ಹಚ್ಚೋ ತಿರುಪಾದರೆ ಟಕ್ ಅಂತ ಕಚ್ಚಿ ನಿಲ್ಲುತ್ತೆ, ಶ್ರುತಿಯದ್ದು ಹಾಗಲ್ಲ. ಇಳಿಸಿದರೆ ರಬ್ಬರ್ ತಿರುಚಿಕೊಳ್ಳುತ್ತೆ, ಕೈ ಬಿಟ್ಟಮೇಲೆ ಮೆಲ್ಲಗೆ ಎಳೆದು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುತ್ತೆ. ಆ ಅಮ್ಮನ ಮಾನ ಕಳೆದೆವಲ್ಲಪ್ಪ ಶಿವನೇ ಅಂತ ನಾನು ಸೀರೆ ಸೆರಗು ಬಾಯಿಗೆ ತುರುಕಿಕೊಂಡೆ.

ಅಮ್ಮ ತಿರುಪು ಐದಕ್ಕೆ ಇಳಿಸಿದರು. ಕೈ ತೆಗೆದರು. ಅದು ಮೆಲ್ಲಗೆ ಸರಿದು ಐದೂವರೆಗೆ ಹೋಯಿತು. ಮತ್ತೆ ಇಳಿಸಿ, ಒಂದು ಗಳಿಗೆ ಒತ್ತಿ ಹಿಡಿದು, ಬಿಟ್ಟರು. ಮತ್ತೆ ಏರಿತು. ಮೂರನೇ ಸಲ ಅದರ ಕಡೆ ಬೆರಳು ತೋರಿಸಿ ಗದರಿಸಿ ಇಳಿಸಿದರು. ಅದು ಏರಿತು. ಸಭೆಯಲ್ಲಿ ಯಾರೋ ಕಿಸಕ್ ಅಂದರು.

ಆಗ ಅಮ್ಮ ಸೋತ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನಕ್ಕರು. ಮೈಕು ಮುಂದೆಯೇ ಇತ್ತು. "ನಮ್ಮಕ್ಕ ಇರೋವರೆಗೂ ಇದೇ ಜಗಳ ಕಣ್ರಪ್ಪ. ನಾನು ಐದು ಅಂತಿದ್ದೆ, ಅವಳು ಐದೂವರೆ ಅಂತಿದ್ದಳು. ಒಪ್ಪಿಕೊಂಡ ಹಾಗೆ ಮಾಡಿ, ನಾನು ಕಣ್ಣು ಮುಚ್ಚಿದ ತಕ್ಷಣ ಏರಿಸಿಬಿಡೋಳು. ಹೋದಮೇಲೂ ಬಿಡಲಿಲ್ಲ ನೋಡಿ."

ಅಮ್ಮ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಆಯ್ತು ಕಣೇ ಅಕ್ಕ, ನಿಂದೇ ಆಗಲಿ" ಅಂದು ಹಾಡಲು ಶುರುಮಾಡಿದರು.

ಪಿಟೀಲಿನವರು ಬಿರಡೆ ತಿರುಗಿಸಿದರು. ಪಾಪ ಮೃದಂಗದವರು ಶ್ರುತಿ ಏರಿಸೋಕೆ ಕಲ್ಲು ಹಿಡಿದು ಅಂಚಿಗೆ ಟಕ್ ಟಕ್ ಅಂತ ಬಡಿಯುತ್ತ ಬೆವರು ಸುರಿಸಿದರು. ಅನುಪಲ್ಲವಿಯ ಮೇಲಿನ ಜಾಗಕ್ಕೆ ಬಂದಾಗ ಅಮ್ಮನ ದನಿ ಒಡೆಯಿತು. ನಿಂತಿತು. ಪೆಟ್ಟಿಗೆ ತನ್ನ ಪಾಡಿಗೆ ನುಡಿಯುತ್ತಲೇ ಇತ್ತು. ಅಮ್ಮ ಅದರ ಮೇಲೆ ಕೈಯಿಟ್ಟು, ಉಸಿರು ತುಂಬಿಕೊಂಡು, ಅದೇ ಸಾಲನ್ನು ಮತ್ತೆ ಎತ್ತಿದರು. ಹತ್ತಿಬಿಟ್ಟರು! ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನಂತೂ ಎಲ್ಲರಿಗೂ ಕೇಳೋ ಹಾಗೆ ಅತ್ತೆ. ಯಜಮಾನರು "ಹೂಂ" ಅಂದರು, ಆ ಹೂಂ ಒಳಗೆ ಅಳು ಇತ್ತು.

ಹಾಡು ಮುಗಿದದ್ದೇ ಯಜಮಾನರು ಬ್ಲೇಡು ಹಿಡಿದು ವೇದಿಕೆಯ ಹಿಂದಕ್ಕೆ ಓಡಿದರು. "ಕ್ಷಮಿಸಿ ಅಮ್ಮ. ಕೊಡಿ, ಆ ತೂತು ಕೊಯ್ದು ಸಡಿಲ ಮಾಡಿಬಿಡ್ತೀನಿ." ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಮ್ಮ ಮದುವೆ ಆದಮೇಲೆ ಅದೇ ಮೊದಲು.

ಅಮ್ಮ ಪೆಟ್ಟಿಗೆಯನ್ನು ಎದೆಗವಚಿಕೊಂಡರು. "ಕೈ ಹಾಕಿದರೆ ನೋಡು! ಅವಳು ವಾಪಸ್ಸು ಬಂದು ಜಗಳ ಆಡ್ತಿದಾಳೆ, ನೀನು ಬ್ಲೇಡು ತಗೊಂಡು ಬಂದ್ಯಾ?"

ಅಷ್ಟು ಹೊತ್ತಿಗೆ ಮೃದಂಗದವರು ಜುಬ್ಬಾ ಪೂರ್ತಿ ತೊಯ್ದು, ಕೈಯಲ್ಲಿ ಕಲ್ಲು ಹಿಡಿದುಕೊಂಡೇ ಬಂದರು. ಬೈತಾರೆ ಅಂತ ನಾನು ಯಜಮಾನರ ಹಿಂದೆ ಸರಿದೆ. ಅವರು ಪೆಟ್ಟಿಗೆಯ ಕವರನ್ನು ಬೆರಳಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿ, ನನ್ನನ್ನು ಕೇಳಿದರು: "ಮೃದಂಗದ ಅಳತೆಗೂ ಒಂದು ಮಾಡಿಕೊಡ್ತೀರೇನಮ್ಮ? ಮುಂದಿನ ವರ್ಷ ಅಕ್ಕತಂಗಿ ಜಗಳ ಆಡಿದರೆ ಇದೂ ತಾನೇ ಏರಿಕೊಳ್ಳಲಿ. ನನ್ನ ಕೈಲಿ ಆಗಲ್ಲ."